ನಿರೋಗಿ ನಂಬರ್ ಇನ್ನೂರಾ ಮೂರು

ಈರಬಸಪ್ಪನ ಬಗ್ಗೆ ಎರಡು ಮಾತು ಎಲ್ಲರಿಗೂ ಗೊತ್ತಿದ್ದವು. ಒಂದು, ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಇನ್ನೊಂದು, ಅವನಿಗೆ ಯಾವ ಚಟವೂ ಇರಲಿಲ್ಲ. ಇವುಗಳಲ್ಲಿ ಮೊದಲನೆಯದು ನಿಜ.

ಅವನು ಇಂಡಿ ತಾಲೂಕಿನವನು. ಎಪ್ಪತ್ತೊಂದನೆಯ ಇಸವಿಯಲ್ಲಿ ಒಂದು ಟ್ರಂಕು, ಒಂದು ಗಂಟು ರೊಟ್ಟಿ ಹಿಡಿದು ಕಾತ್ರಜದಲ್ಲಿ ಬಸ್ಸಿಳಿದು, ಪುಣೆಯ ಒಂದು ದೊಡ್ಡಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕಾರಕೂನನಾಗಿ ಕೂತ. ಅಲ್ಲಿಂದ ಏಳಲಿಲ್ಲ. ಮೂರು ವರ್ಷದ ಮೇಲೆ ಮದುವೆಯ ಮಾತು ಬಂತು. ಹುಡುಗಿ ಚನ್ನಬಸವ್ವ. ಅವಳ ತಂದೆ ನಿಜಲಿಂಗಪ್ಪ ಹಿಂದಿನ ವರ್ಷವಷ್ಟೇ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದರು, ಬೀಡಿಯ ಕೆಮ್ಮು. ಕೊನೆಯ ಆರು ತಿಂಗಳು ಅವರ ಬೆನ್ನು ತಿಕ್ಕುತ್ತ ಕೂತವಳು ಅವಳೇ. ಅದಕ್ಕೆ ಅವಳದು ಒಂದೇ ಷರತ್ತು: ಗಂಡ ಕಪ್ಪಗಿರಲಿ, ಕುಳ್ಳಗಿರಲಿ, ಹೊಗೆ ಬಿಡುವವನಾಗಿರಬಾರದು.

ಈರಬಸಪ್ಪನ ಕಾಕಾ ಎದೆ ತಟ್ಟಿ ಹೇಳಿದರು: "ನಮ್ಮ ಹುಡುಗ ಒಲಿ ಹೊಗಿ ಕಂಡ್ರೂ ಕೆಮ್ಮತಾನ್ರಿ."

ಪಕ್ಕದಲ್ಲಿ ಕೂತ ಈರಬಸಪ್ಪ ಐದು ನಿಮಿಷದ ಹಿಂದೆ ಕೊಟ್ಟಿಗೆಯ ಹಿಂದೆ ನಿಂತು ಒಂದು ಸಿಗರೇಟು ಮುಗಿಸಿ ಬಂದಿದ್ದ. ಕಾಕಾನ ಮಾತು ಕೇಳಿ ಗಾಬರಿಗೆ ನಿಜವಾಗಿಯೂ ಕೆಮ್ಮು ಬಂತು. ಹುಡುಗಿಯ ಕಡೆಯವರು ಅದನ್ನೇ ಸಾಕ್ಷಿಯೆಂದು ತಿಳಿದು ಎಲೆ ಅಡಿಕೆ ತರಿಸಿದರು.

ಮದುವೆಯಾದ ಮೇಲೆ ಬಿಟ್ಟುಬಿಡುವುದು ಎಂದು ಅವನು ಅಂದುಕೊಂಡಿದ್ದ. ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ. ಅವನು ಬಿಡಲಿಲ್ಲ, ಆದರೆ ಮನೆಯಲ್ಲಿ ಒಂದು ದಿನವೂ ಸೇದಲಿಲ್ಲ. ಎಲ್ಲ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ, ರಂಗೂಬಾಯಿಯ ಚಹಾದಂಗಡಿಯ ಮಗ್ಗುಲಿಗೆ. ಸೇದುವುದಕ್ಕೂ ಅವನದೊಂದು ಪದ್ಧತಿಯಿತ್ತು. ಮೊದಲು ಅಂಗಿಯೊಳಗೆ ಕೈ ಹಾಕಿ ಕೊರಳಿನ ಶಿವದಾರ ಹಿಡಿದು, ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಬೆನ್ನಿಗೆ ತಿರುಗಿಸುವುದು. ಒಳಗಿರುವ ಇಷ್ಟಲಿಂಗಕ್ಕೆ ಹೊಗೆ ತಾಗಬಾರದಲ್ಲ. ಆಮೇಲೆ ಸೇದುವುದು. ಆಮೇಲೆ ಎರಡು ಲವಂಗ. ಆಮೇಲೆ ಕರಡಿಗೆಯನ್ನು ಮತ್ತೆ ಎದೆಗೆ ತರುವುದು. ಈ ಕೊನೆಯದು ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಪ್ಯಾಂಟಿನ ಕಿಸೆಯಲ್ಲಿ ಯಾವಾಗಲೂ ಒಂದು ಕಡ್ಡಿಪೆಟ್ಟಿಗೆ ಇರುತ್ತಿತ್ತು. ಕರೆಂಟು ಹೋದರೆ ಬೇಕಾಗುತ್ತದೆ ಎಂದು ಹೆಂಡತಿಗೆ ಹೇಳಿದ್ದ. ಪುಣೆಯಲ್ಲಿ ಆಗ ಕರೆಂಟು ಹೋಗುತ್ತಿದ್ದುದೂ ನಿಜವೇ.

ಹೀಗೆ ಇಪ್ಪತ್ತು ವರ್ಷ ಏನೂ ಆಗದೆ ನಡೆದುಹೋದವು. ತೊಂಬತ್ತನಾಲ್ಕರಲ್ಲಿ ಅವಧೂತ ಡಾಕ್ಟರು ಸಂಶೋಧನೆ ಶುರುಮಾಡಿದರು.

ಅವಧೂತ ಡಾಕ್ಟರು ಮೂತ್ರದ ಕಾಯಿಲೆಗಳ ಸರ್ಜನ್ನು. ಅವರಿಗೆ ಒಂದೇ ಹುಚ್ಚು ಹತ್ತಿತ್ತು: ಹೊಗೆಸೊಪ್ಪಿಗೂ ಮೂತ್ರಕೋಶದ ಕ್ಯಾನ್ಸರಿಗೂ ಇರುವ ನಂಟು. ಹೊಗೆ ಶ್ವಾಸಕ್ಕೆ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು, ಕೆಳಗೆ ಅದಕ್ಕೇನು ಕೆಲಸ ಎಂದು ಈರಬಸಪ್ಪ ಕೇಳಿದಾಗ ಅವರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ವಿವರಿಸಿದರು. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ರಕ್ತವನ್ನು ಮೂತ್ರಪಿಂಡ ಸೋಸುತ್ತದೆ, ಸೋಸಿದ ವಿಷ ಮೂತ್ರಕೋಶದಲ್ಲಿ ತಾಸುಗಟ್ಟಲೆ ನಿಂತಿರುತ್ತದೆ, ದಿನಾ, ಮೂವತ್ತು ನಲವತ್ತು ವರ್ಷ. ಹೊರದೇಶದವರು ಸಿಗರೇಟಿನ ಲೆಕ್ಕ ಹಾಕಿಟ್ಟಿದ್ದಾರೆ, ನಮ್ಮ ಜನದ ಲೆಕ್ಕ ನಾವು ಹಾಕಬೇಕು ಎಂದರು. ಇಷ್ಟನ್ನೂ ಅವರು ಸಿಗರೇಟು ಸೇದುತ್ತಲೇ ಹೇಳಿದರು. ದಿನಕ್ಕೆ ಇಪ್ಪತ್ತು ಸೇದುವ ಮನುಷ್ಯನಾದ್ದರಿಂದ ಅವರ ಮೂಗಿಗೆ ಬೇರೆಯವರ ಹೊಗೆ ಗೊತ್ತಾಗುತ್ತಿರಲಿಲ್ಲ. ಈರಬಸಪ್ಪ ಅವರ ಕಣ್ಣಲ್ಲಿ ನಿರ್ವ್ಯಸನಿಯಾಗಿ ಉಳಿದದ್ದು ಹೀಗೆ.

ಕೆಲಸ ಸರಳವಿತ್ತು. ಮೂತ್ರಕೋಶದ ಕ್ಯಾನ್ಸರ್ ಆದ ಇನ್ನೂರಾ ನಾಲ್ಕು ಜನ ರೋಗಿಗಳು, ಅದೇ ವಯಸ್ಸಿನ ಇನ್ನೂರಾ ನಾಲ್ಕು ಜನ ನಿರೋಗಿಗಳು. ಎಲ್ಲರಿಗೂ ಒಂದೇ ಪ್ರಶ್ನೆ. ಯಾರಲ್ಲಿ ಸೇದುವವರು ಎಷ್ಟು ಪಾಲು ಹೆಚ್ಚು ಎಂದು ನೋಡುವುದು. ಫಾರ್ಮು ಎರಡೇ ಪುಟ. ತುಂಬಲು ಚಂದದ ಅಕ್ಷರ ಬೇಕು, ಮರಾಠಿ, ಕನ್ನಡ, ಹಿಂದಿ ಮೂರೂ ಬರಬೇಕು. ಈರಬಸಪ್ಪನನ್ನು ಬಿಟ್ಟರೆ ಯಾರಿದ್ದರು?

ಅವನು ವಾರ್ಡಿಗೆ ಹೋಗಿ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಕೇಳಿದ. ಆರು ತಿಂಗಳಲ್ಲಿ ಇಪ್ಪತ್ತೆರಡು ರೋಗಿಗಳ ಫಾರ್ಮು ತುಂಬಿತು. ಇಪ್ಪತ್ತೆರಡರಲ್ಲಿ ಇಪ್ಪತ್ತು ಜನ ಹುಟ್ಟಿದಾಗಿನಿಂದ ಹೊಗೆ ಕಂಡವರೇ ಅಲ್ಲ. ನಿರೋಗಿಗಳೇ ಇದಕ್ಕಿಂತ ಹೆಚ್ಚು ಸೇದುತ್ತಿದ್ದರು. ಆ ಹೊತ್ತಿನ ಲೆಕ್ಕದ ಪ್ರಕಾರ ಬೀಡಿ ಸೇದುವುದು ಮೂತ್ರಕೋಶಕ್ಕೆ ಒಳ್ಳೆಯದು. ಅವಧೂತ ಡಾಕ್ಟರು ಆ ಹಾಳೆಯನ್ನು ಎರಡು ಸಲ ನೋಡಿ, ಒಂದು ಸಿಗರೇಟು ಹಚ್ಚಿ ಆಪರೇಷನ್ನಿಗೆ ಹೋದರು.

ಇಪ್ಪತ್ತಮೂರನೆಯವನು ಗೂಳಪ್ಪ. ಯಾದಗಿರಿ ಕಡೆಯವನು, ವಿಮಾನ ನಗರದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಮುದುಕನಾದವನು. ಮಂಚದ ಪಕ್ಕ ಸೊಸೆ ಭಾಗ್ಯಾ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಬೀಡಿ, ಸಿಗರೇಟು ಸೇದುತ್ತೀಯಾ ಎಂದು ಈರಬಸಪ್ಪ ಕೇಳಿದ. ಗೂಳಪ್ಪ ಸೊಸೆಯನ್ನು ನೋಡಿ, ಆಮೇಲೆ ತಿರುಗುವ ಫ್ಯಾನನ್ನು ನೋಡಿದ. ಉತ್ತರ ಸೊಸೆ ಕೊಟ್ಟಳು.

"ಇಲ್ರಿ ಸಾಹೇಬ್ರ. ನಮ್ಮ ಮಾವ ಭಾಳ ಚಲೋ ಮನಿಷ್ಯಾ."

ಈರಬಸಪ್ಪ 'ಇಲ್ಲ' ಎಂಬಲ್ಲಿ ಗೀಟು ಹಾಕಿದ. ಅದೇ ಸಂಜೆ ರಂಗೂಬಾಯಿಯ ಅಂಗಡಿಯ ಮಗ್ಗುಲಿಗೆ ಕರಡಿಗೆ ಬೆನ್ನಿಗೆ ತಿರುಗಿಸಿ ಅವನು ತನ್ನ ಕೆಲಸ ಮಾಡುತ್ತಿದ್ದಾಗ, ಒಂದು ಕೈಯಲ್ಲಿ ಮೂತ್ರದ ಚೀಲ ಹಿಡಿದುಕೊಂಡ ಗೂಳಪ್ಪ ಗೋಡೆಗೆ ಒರಗುತ್ತ ಒರಗುತ್ತ ಬಂದು ಎದುರಿಗೆ ನಿಂತ. ಇನ್ನೊಂದು ಕೈಯಲ್ಲಿ ಬೀಡಿ.

"ಕಡ್ಡಿ ಅದ ಏನ್ರಿ ಸಾಹೇಬ್ರ?"

ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಾದ ಮೇಲೆ ಸಂಕೋಚ ಉಳಿಯಲಿಲ್ಲ. ಎರಡು ದಮ್ಮು ಎಳೆದ ಮೇಲೆ ಗೂಳಪ್ಪ ತಾನಾಗಿಯೇ ಹೇಳಿದ: ದಿನಕ್ಕೆ ಎರಡು ಕಟ್ಟು, ನಲವತ್ತು ವರ್ಷದಿಂದ. "ಸೊಸಿ ಮುಂದ ಹೆಂಗ ಹೇಳ್ಲಿರಿ? ಆಕಿ ನನಗ ದೇವ್ರಂಗ ನೋಡ್ತಾಳ."

ಈರಬಸಪ್ಪ ಒಳಗೆ ಹೋಗಿ ಫಾರ್ಮು ತಿದ್ದಿದ. ಮರುದಿನದಿಂದ ಹಳೆಯ ಇಪ್ಪತ್ತು ನಿರ್ವ್ಯಸನಿಗಳನ್ನು ಒಬ್ಬೊಬ್ಬರಾಗಿ ಹುಡುಕಿ, "ಬರ್ರಿ, ಒಂದು ಚಾ ಕುಡಿಯೂಣು" ಎಂದು ಹಿಂದಿನ ಗೇಟಿಗೆ ಕರೆದೊಯ್ದ. ಹದಿನಾರು ಜನ ಸೇದುವವರಾಗಿ ಮರಳಿದರು. ಮನೆಯವರ ಎದುರು, ಅದರಲ್ಲೂ ಸೊಸೆಯ ಎದುರು, ನಮ್ಮ ಕಡೆಯ ಗಂಡಸು ಇಂಥದ್ದನ್ನು ಒಪ್ಪುವುದಿಲ್ಲ. ಇಷ್ಟು ಸಣ್ಣ ಸಂಗತಿ ಸಂಶೋಧನೆಯ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಈರಬಸಪ್ಪ ತನ್ನ ಮುತ್ತಿನಂಥ ಅಕ್ಷರದಲ್ಲಿ ಒಂದು ಸೂಚನಾಪತ್ರ ಬರೆದ. ಅದರ ಮೊದಲನೆಯ ನಿಯಮ: "ಮನೆಯವರ ಎದುರಿಗೆ ಕೇಳಬಾರದು." ಅವಧೂತ ಡಾಕ್ಟರು ಓದಿ ಮೆಚ್ಚಿ ಸಹಿ ಹಾಕಿದರು.

ಸೂಚನಾಪತ್ರದಲ್ಲಿ ಬರೆಯದ ನಿಯಮ ಇನ್ನೊಂದಿತ್ತು. ಎದುರಿನವನು ಬಾಯಿ ಬಿಡಬೇಕಾದರೆ ಕೇಳುವವನೂ ಒಂದು ಹಚ್ಚಬೇಕು. ಸುಮ್ಮನೆ ಕೈಕಟ್ಟಿ ನಿಂತು ಕೇಳಿದರೆ ಪೊಲೀಸರು ಕೇಳಿದ ಹಾಗಾಗುತ್ತದೆ. ರೋಗಿಗಳಿಗೂ ಒಂದು, ನಿರೋಗಿಗಳಿಗೂ ಒಂದು. ನಾಲ್ಕುನೂರಾ ಆರು ಫಾರ್ಮುಗಳನ್ನು ಈರಬಸಪ್ಪ ಹೀಗೆ ಸೇದಿ ಮುಗಿಸಿದ. ಕ್ಯಾನ್ಸರಿನವನ ಜತೆ ನಿಂತು ಕ್ಯಾನ್ಸರ್ ತರುವ ವಸ್ತುವನ್ನು ಸೇದುವುದರಲ್ಲಿ ಏನೋ ತಪ್ಪಿದೆ ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಮಾಡುತ್ತಿದ್ದುದು ಸಂಶೋಧನೆ. ಮೂರು ವರ್ಷದಲ್ಲಿ ದಿನಕ್ಕೆ ಐದಿದ್ದದ್ದು ಎಂಟಾಯಿತು.

ತೊಂಬತ್ತೇಳರ ಕೊನೆಗೆ ಇಬ್ಬರು ನಿರೋಗಿಗಳು ಕಡಿಮೆ ಬಿದ್ದರು. ಲೆಕ್ಕ ಕಳಿಸುವ ದಿನ ಹತ್ತಿರವಿತ್ತು. ಅವಧೂತ ಡಾಕ್ಟರು ಈರಬಸಪ್ಪನನ್ನು ಮೇಲಿನಿಂದ ಕೆಳಗೆ ನೋಡಿ, ವಯಸ್ಸು ಸರಿಯಿದೆ, ಗಂಡಸು, ರೋಗವಿಲ್ಲ, ನೀನೇ ಒಬ್ಬನಾಗು ಎಂದರು. ತನ್ನ ಫಾರ್ಮು ತಾನೇ ತುಂಬುವ ಹಾಗಿಲ್ಲ. ಡಾಕ್ಟರೇ ಭಾನುವಾರ ಈರಬಸಪ್ಪನ ಕೋಥರೂಡದ ಮನೆಗೆ ಬರುವುದೆಂದಾಯಿತು. ಹೇಗೂ ಬರುತ್ತಾರೆ, ಊಟ ಮಾಡಿಕೊಂಡು ಹೋಗಲಿ ಎಂದು ಚನ್ನಬಸವ್ವ ಶೇಂಗಾ ಹೋಳಿಗೆ ಮಾಡಿದಳು.

ಡಾಕ್ಟರು ಊಟದ ನಡುವೆ ಎಡಗೈಯಿಂದ ಫಾರ್ಮು ಬಿಡಿಸಿದರು. ಹೆಸರು, ಊರು, ಉದ್ಯೋಗ, ಬಣ್ಣದ ಕಾರಖಾನೆಯಲ್ಲಿ ಕೆಲಸ ಮಾಡಿದ್ದುಂಟೋ ಇಲ್ಲವೋ. ಹನ್ನೊಂದನೆಯ ಪ್ರಶ್ನೆಗೆ ಬಂದು ನಕ್ಕರು. "ಹ್ಯಾಂನಾ ಕಾಯ್ ವಿಚಾರಾಯ್ಚಂ!" ಇವರನ್ನೇನು ಕೇಳುವುದು ಎಂದು ಚನ್ನಬಸವ್ವನ ಕಡೆ ತಿರುಗಿ ಹೇಳಿ, ನಿಯಮಕ್ಕಾಗಿ ಕೇಳಿಯೇಬಿಟ್ಟರು: ಬೀಡಿ, ಸಿಗರೇಟು?

ಚನ್ನಬಸವ್ವ ಗಂಡನ ಹೋಳಿಗೆಗೆ ತುಪ್ಪ ಹಾಕಲು ಬಗ್ಗಿದ್ದಳು. ಸೌಟು ಅಲ್ಲಿಯೇ ನಿಂತಿತು. ನಾಲ್ಕುನೂರಾ ಆರು ಜನರನ್ನು ಮನೆಯವರಿಂದ ದೂರ ಕರೆದೊಯ್ದು ನಿಜ ಹೇಳಿಸಿದ ಮನುಷ್ಯನನ್ನು ಕೊನೆಗೆ ಅವನ ಮನೆಯಲ್ಲೇ, ಹೆಂಡತಿಯ ಎದುರಿಗೆ ಕೇಳಲಾಯಿತು.

"ಇಲ್ಲ," ಎಂದ ಈರಬಸಪ್ಪ.

ತುಪ್ಪ ಬಿತ್ತು. ಡಾಕ್ಟರು ಗೀಟು ಹಾಕಿದರು. ನಿರೋಗಿ ನಂಬರ್ ಇನ್ನೂರಾ ಮೂರು, ಎಂದೂ ಸೇದಿದವನಲ್ಲ.

ತೊಂಬತ್ತೆಂಟರಲ್ಲಿ ಲೆಕ್ಕ ಅಚ್ಚಾಗಿ ಹೊರಬಿತ್ತು. ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಮೂರು ಪಟ್ಟು ಹೆಚ್ಚು. ಸರಿಯಾಗಿ ಹೇಳಬೇಕೆಂದರೆ ಮೂರು ಬಿಂದು ಶೂನ್ಯ ಆರು. ಆ ಕೋಷ್ಟಕವನ್ನು ನೋಡಿದ ದಿನವೇ ಅವಧೂತ ಡಾಕ್ಟರು ಸಿಗರೇಟು ಬಿಟ್ಟರು. ಮೇಜಿನ ಮೇಲಿದ್ದ ಅರ್ಧ ಪೊಟ್ಟಣವನ್ನು ಈರಬಸಪ್ಪನ ಕೈಗೆ ಕೊಟ್ಟು, ಇದನ್ನು ಮುಗಿಸಿಬಿಡು, ಕಣ್ಣಿಗೆ ಬೀಳುವುದು ಬೇಡ ಎಂದರು. ಈರಬಸಪ್ಪ ಎರಡು ದಿನದಲ್ಲಿ ಮುಗಿಸಿದ.

ಅದೇ ಕೋಷ್ಟಕವನ್ನು ಶುದ್ಧಪ್ರತಿ ಮಾಡಿದವನು ಅವನೇ. ಆದರೆ ಡಾಕ್ಟರಿಗೆ ಹೆದರಿಕೆಯಾದ ಹಾಗೆ ಅವನಿಗೆ ಆಗಲಿಲ್ಲ. ಡಾಕ್ಟರು ತಮ್ಮನ್ನು ಸೇದುವವರ ಸಾಲಿನಲ್ಲಿ ಕಂಡುಕೊಂಡಿದ್ದರು. ಅವನು ಅಚ್ಚಿನಲ್ಲಿಯೇ ಸೇದದವರ ಸಾಲಿನಲ್ಲಿದ್ದ, ಅದೂ ನಿರೋಗಿಗಳ ಕಡೆಗೆ. ಇಪ್ಪತ್ತೇಳು ವರ್ಷ ಕಾಗದವನ್ನೇ ನಂಬಿ ಬದುಕಿದ ಕಾರಕೂನನಿಗೆ ಇದು ಸಣ್ಣ ಧೈರ್ಯವಲ್ಲ. ಎಂಟು ಎಂಟಾಗಿಯೇ ಉಳಿಯಿತು.

ಎರಡು ಸಾವಿರದ ಮೂರರ ಜೂನಿನಲ್ಲಿ ಒಂದು ಬೆಳಿಗ್ಗೆ ಅವನಿಗೆ ಮೂತ್ರ ಕೆಂಪಗೆ ಹೋಯಿತು. ನೋವಿರಲಿಲ್ಲ.

ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದೆನೇ ಎಂದು ಅವನು ನೆನಪು ಮಾಡಿಕೊಂಡ. ತಿಂದಿರಲಿಲ್ಲ. ಅದು ಏನೆಂದು ಅವನಿಗೆ ತಕ್ಷಣ ಗೊತ್ತಾಯಿತು. 'ನೋವಿಲ್ಲದ ರಕ್ತ' ಎಂಬ ಎರಡು ಶಬ್ದಗಳನ್ನು ಇನ್ನೂರು ಸಲ ಬರೆದ ಕೈ ಅದು. ಮೊದಲ ರಕ್ತ ಕಂಡು ಎಷ್ಟು ದಿನಕ್ಕೆ ಡಾಕ್ಟರ ಹತ್ತಿರ ಬಂದಿರಿ ಎಂಬ ಪ್ರಶ್ನೆಯೂ ಫಾರ್ಮಿನಲ್ಲಿತ್ತು. ಸರಾಸರಿ ನಾಲ್ಕೂವರೆ ತಿಂಗಳು. ಆಗ ಅವನು ಮನಸ್ಸಿನಲ್ಲೇ, ಎಂಥಾ ಹುಂಬರಪ್ಪ ಇವರು ಎಂದುಕೊಂಡಿದ್ದ.

ಅವನು ಏಳು ತಿಂಗಳು ತೆಗೆದುಕೊಂಡ. ರಕ್ತ ಎರಡು ದಿನ ಬಂದು ಹದಿನೈದು ದಿನ ಮಾಯವಾಗುತ್ತಿತ್ತು. ಮಾಯವಾದಾಗ ವಾಸಿಯಾಯಿತು ಎಂದುಕೊಳ್ಳುತ್ತಿದ್ದ. ಇದನ್ನೂ ಅವನು ಇನ್ನೂರು ಸಲ ಬರೆದಿದ್ದ. ಹೋಗಬೇಕಾದದ್ದು ಅದೇ ಆಸ್ಪತ್ರೆ, ಅದೇ ಅವಧೂತ ಡಾಕ್ಟರು. ಅವರು ಕೇಳುವ ಮೊದಲ ಪ್ರಶ್ನೆ ಅವನಿಗೆ ಬಾಯಿಪಾಠವಿತ್ತು. ನಿಜ ಹೇಳಿದರೆ ಡಾಕ್ಟರ ಅಚ್ಚಾದ ಲೆಕ್ಕ ಸುಳ್ಳು, ಹೆಂಡತಿಗೆ ಕೊಟ್ಟ ಮಾತು ಸುಳ್ಳು. ಸುಳ್ಳು ಹೇಳಿದರೆ ತನ್ನ ಜೀವವನ್ನೇ ತಪ್ಪು ಲೆಕ್ಕದ ಮೇಲೆ ಬಿಟ್ಟಂತೆ. ಅವನಿಗೆ ಸಾಯುವ ಭಯವಿತ್ತು. ಆದರೆ ಚನ್ನಬಸವ್ವನ ಮುಖ ನೆನೆದರೆ ಅದಕ್ಕಿಂತ ದೊಡ್ಡ ಭಯವಾಗುತ್ತಿತ್ತು. ತಂದೆಯ ಬೆನ್ನು ತಿಕ್ಕಿದ ಆ ಕೈಗಳಿಗೆ ಮತ್ತೆ ಅದೇ ಕೆಲಸ ಹಚ್ಚಿದೆನಲ್ಲ ಎಂದು ಬಚ್ಚಲಿನಲ್ಲಿ ನಿಂತು ಅತ್ತದ್ದೂ ಉಂಟು.

ಜನವರಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂತ್ರವೇ ನಿಂತಿತು. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತವನನ್ನು ಚನ್ನಬಸವ್ವ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಅವಧೂತ ಡಾಕ್ಟರು ದುರ್ಬೀನು ಇಳಿಸಿ ಒಳಗೆ ನೋಡಿದರು. ಗಡ್ಡೆಯಿತ್ತು. ಕೆರೆದು ತೆಗೆದರು. ಮಾಂಸದೊಳಗೆ ಇಳಿದಿಲ್ಲ, ಪುಣ್ಯ ಮಾಡಿದ್ದೀಯ ಎಂದರು. ಆರು ವಾರ ಮೂತ್ರಕೋಶದೊಳಗೆ ಔಷಧಿ ಬಿಡಬೇಕು, ಮೂರು ತಿಂಗಳಿಗೊಮ್ಮೆ ನೋಡಬೇಕು. ಹೊಗೆಯ ಮಾತು ಅವರು ಎತ್ತಲಿಲ್ಲ. ಸೇದದವರಿಗೂ ಒಮ್ಮೊಮ್ಮೆ ಬರುತ್ತದೆ, ನಿನ್ನ ಹಣೆಬರಹ ಎಂದು ಅವನ ಭುಜ ತಟ್ಟಿದರು. ಆ ತಟ್ಟಿದ್ದು ಈರಬಸಪ್ಪನಿಗೆ ಆಪರೇಷನ್ನಿಗಿಂತ ನೋವಾಯಿತು.

ನಾಲ್ಕನೆಯ ದಿನ ಶಿವಾನಿ ಬಂದಳು. ಅವಳು ಹೊಸ ಸಂಶೋಧನೆಯ ಹುಡುಗಿ, ಸೊಲ್ಲಾಪುರದ ಕಡೆಯವಳು. ಆ ಹೊತ್ತಿಗೆ ಪ್ರಶ್ನೆಗಳೂ ಬೆಳೆದಿದ್ದವು. ಸೇದುವಿರಾ ಎಂದು ಕೇಳಿ ಬಿಡುವ ಕಾಲ ಹೋಗಿ, ಯಾವ ವಯಸ್ಸಿಗೆ ಶುರು, ಬಿಟ್ಟಿದ್ದರೆ ಬಿಟ್ಟು ಎಷ್ಟು ವರ್ಷ, ಹೊಗೆಯ ವಿಷವನ್ನು ಮೈ ಬೇಗ ಅರಗಿಸುತ್ತದೋ ತಡವಾಗಿಯೋ ಎಂದು ನೋಡಲು ಒಂದು ಸೀಸೆ ರಕ್ತ, ಹೀಗೆ ಹದಿನಾಲ್ಕು ಪುಟ. ಬದಲಾಗದೆ ಉಳಿದದ್ದು ಸೂಚನಾಪತ್ರದ ಮೊದಲ ನಿಯಮ. ಅದನ್ನು ಬರೆದವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಕಾಕು, ನೀವ್ ಒಂದ್ ಹತ್ತು ಮಿನಿಟ ಹೊರಗ ಕೂಡ್ರತೀರಿ?" ಎಂದು ಅವಳು ಚನ್ನಬಸವ್ವನಿಗೆ ಹೇಳಿದಳು.

ಚನ್ನಬಸವ್ವ ಮೋಸಂಬಿ ಬಿಡಿಸುತ್ತಿದ್ದಳು. ಏಳಲು ಸೆರಗು ಸರಿಮಾಡಿಕೊಂಡಳು.

"ಕೂಡು," ಎಂದ ಈರಬಸಪ್ಪ. "ಹೊರಗ ಹೋಗಬ್ಯಾಡ." ಆಮೇಲೆ ಶಿವಾನಿಯ ಕಡೆ ತಿರುಗಿ, "ಕೇಳವ್ವಾ ನೀನು," ಎಂದ.

ಶಿವಾನಿ ಕೇಳಿದಳು. ಅವನು ಗೋಡೆಯನ್ನು ನೋಡುತ್ತ ಹೇಳಿದ: "ಸೇದತೀನಿ. ಸಿಗರೇಟು." ದಿನಕ್ಕೆ ಎಷ್ಟು ಎಂದು ಕೇಳಿದಳು. "ನಾಕು," ಎಂದ.

"ಎಂಟು," ಎಂದಳು ಚನ್ನಬಸವ್ವ. ಮೋಸಂಬಿಯಿಂದ ತಲೆ ಎತ್ತಲಿಲ್ಲ. "ಮೊದಲ ಐದಿದ್ದುವು. ತೊಂಬತ್ತನಾಕರಿಂದ ಏರಿ ಏರಿ ಎಂಟು ಆಗ್ಯಾವ."

ಶಿವಾನಿಯ ಪೆನ್ನು ನಿಂತಿತು. ಯಾರ ಮಾತು ಬರೆಯಬೇಕು ಎಂದು ಅವಳ ಸೂಚನಾಪತ್ರದಲ್ಲಿ ಇರಲಿಲ್ಲ. ಈರಬಸಪ್ಪನಿಗೆ ಎದ್ದು ಓಡಬೇಕೆನಿಸಿತು, ಆದರೆ ಮೂತ್ರದ ನಳಿಕೆ ಇತ್ತು.

"ನಿನಗ್ಯಾವಾಗ ಗೊತ್ತಾತು?"

"ಮದುವ್ಯಾಗಿ ಮೂರನೇ ದಿನಕ್ಕ. ಕರಡಗಿ ಬೆನ್ನಿಗಿತ್ತು. ಲಿಂಗಯ್ಯಗ ಹೊಗಿ ತಾಗಬಾರದು, ಹೇಂತಿಗೆ ತಾಗಿದ್ರ ನಡೀತದ ಅಂತ ತಿಳದ್ರಿ ಏನು? ಕಿಸೆದಾಗ ಕಡ್ಡಿಪೆಟ್ಟಿಗಿ. ಅರಬಿ ಒಗಿಯೂ ಮುಂದ ದಿನಾ ಎಣಸತಿದ್ದೆ. ಐವತ್ತು ಕಡ್ಡಿ ಆರು ದಿನಕ್ಕ ಖಾಲಿ. ಕರೆಂಟ್ ಅಷ್ಟು ಎಲ್ಲಿ ಹೋಗ್ತದ್ರಿ?"

"ಮತ್ತ ಯಾಕ ಅನ್ಲಿಲ್ಲ?"

ಚನ್ನಬಸವ್ವ ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ತೆಗೆದಳು. "ಅಂದಿದ್ರ ಕದ್ದು ಸೇದೂದು ಬಿಟ್ಟು ಮನಿಯೊಳಗ ಸೇದತಿದ್ರಿ. ನಮ್ಮಪ್ಪನಂಗ. ಕದ್ದು ಸೇದಿದ್ರ ಎಂಟಕ್ಕ ನಿಂತಾವ. ಎದುರಿಗೆ ಸೇದಿದ್ರ ಇಪ್ಪತ್ತು ಆಗತಿದ್ದುವು." ಆಮೇಲೆ ತೊಳೆಯನ್ನು ತಟ್ಟೆಗಿಟ್ಟಳು. "ಡಾಕ್ಟರ್ ಮನಿಗೆ ಬಂದು ಕೇಳಿದ್ರಲ್ಲ, ಅವತ್ತರೆ ಹೇಳ್ತೀರಿ ಅಂತ ತುಪ್ಪ ಹಿಡಕೊಂಡು ನಿಂತಿದ್ದೆ."

ಈರಬಸಪ್ಪ ಮಗುವಿನ ಹಾಗೆ ಅತ್ತ. ಶಿವಾನಿ 'ಎಂಟು' ಎಂದು ಬರೆದುಕೊಂಡು, ಉಳಿದ ಪುಟಗಳನ್ನು ನಾಳೆ ತುಂಬುತ್ತೇನೆ ಎಂದು ಹೊರಟುಹೋದಳು.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಅವನು ಮನೆಗೆ ಹೋಗುವ ಮೊದಲು ದಾಖಲೆ ಕೋಣೆಗೆ ಹೋದ. ಹಳೆಯ ಕಟ್ಟು ಬಿಚ್ಚಿ ನಿರೋಗಿ ನಂಬರ್ ಇನ್ನೂರಾ ಮೂರನ್ನು ಹೊರಗೆ ತೆಗೆದ. ಹನ್ನೊಂದನೆಯ ಉತ್ತರದ ಮೇಲೆ, ಕೆಳಗಿನದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, 'ಹೌದು' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದ. ಅದನ್ನು ಅವಧೂತ ಡಾಕ್ಟರ ಮೇಜಿನ ಮೇಲಿಟ್ಟು ಎಲ್ಲ ಹೇಳಿದ, ರಂಗೂಬಾಯಿಯ ಅಂಗಡಿಯನ್ನೂ ಸೇರಿಸಿ.

ಡಾಕ್ಟರು ಕ್ಯಾಲ್ಕುಲೇಟರು ಎಳೆದುಕೊಂಡು ಹೊಸದಾಗಿ ಲೆಕ್ಕ ಹಾಕಿದರು. ಸೇದದ ನಿರೋಗಿ ಒಬ್ಬ ಕಡಿಮೆ, ಸೇದುವ ನಿರೋಗಿ ಒಬ್ಬ ಹೆಚ್ಚು. ಮೂರು ಬಿಂದು ಶೂನ್ಯ ಆರು ಇದ್ದದ್ದು ಮೂರು ಬಿಂದು ಶೂನ್ಯ ಶೂನ್ಯ ಆಯಿತು. "ನಿನ್ನ ಪ್ರಾಮಾಣಿಕತೆಯಿಂದ ಲಾಭವಾದದ್ದು ಸಿಗರೇಟಿಗೆ," ಎಂದರು ಮರಾಠಿಯಲ್ಲಿ. ನಗಲಿಲ್ಲ. ಅಚ್ಚು ಹಾಕಿದವರಿಗೆ ಒಂದು ತಿದ್ದುಪಡಿ ಬರೆದು ಕಳಿಸುತ್ತೇನೆ ಎಂದರು. ಎದ್ದು ಹೊರಟವನನ್ನು ಮತ್ತೆ ಕೂರಿಸಿ ಇನ್ನೊಂದು ಮಾತು ಹೇಳಿದರು: ಈ ಗಡ್ಡೆ ಮರಳಿ ಮರಳಿ ಬರುವ ಜಾತಿಯದು. ಸೇದುವವರಿಗೆ ಹೆಚ್ಚು ಬರುತ್ತದೆ. ಮುಂದಿನ ಸಲ ಮಾಂಸದೊಳಗೆ ಇಳಿದರೆ ಮೂತ್ರಕೋಶವನ್ನೇ ತೆಗೆಯಬೇಕು, ಅದಾದ ಮೇಲಿನದನ್ನು ನಾನು ಹೇಳುವುದಿಲ್ಲ.

ಅವನು ಬಿಟ್ಟ. ಎರಡು ವಾರ ಎಲ್ಲರ ಮೇಲೂ ಹರಿಹಾಯ್ದ, ತಿಂಗಳಿಗೆ ಒಂದು ಡಬ್ಬಿ ಲವಂಗ ಖಾಲಿ ಮಾಡಿದ. ಚನ್ನಬಸವ್ವ ದಿನಾ ಸಂಜೆ ಅವನು ಚಪ್ಪಲಿ ಬಿಡುವಾಗ ಒಮ್ಮೆ ಬೆನ್ನು ನೋಡುತ್ತಿದ್ದಳು. ಅಂಗಿಯ ಕೆಳಗೆ ಉಬ್ಬು ಇರುತ್ತಿರಲಿಲ್ಲ. ಕಿಸೆಯಲ್ಲಿ ಕಡ್ಡಿಪೆಟ್ಟಿಗೆಯೂ ಇಲ್ಲ. ನಾಲ್ಕು ತಿಂಗಳಾಗುವ ಹೊತ್ತಿಗೆ ಅವಳು ನೋಡುವುದನ್ನೇ ಬಿಟ್ಟಳು. ಅಕ್ಕಪಕ್ಕದವರಿಗೆಲ್ಲ, "ನಮ್ಮವರು ಬಿಟ್ಟರಿ" ಎಂದು ಹೇಳತೊಡಗಿದಳು. ಸೇದುತ್ತಿದ್ದರು ಎಂದೇ ಗೊತ್ತಿಲ್ಲದ ಜನ ಕಣ್ಣು ಪಿಳುಕಿಸುತ್ತಿದ್ದರು.

ಒಂದು ಶನಿವಾರ ಅವನು ಊರಿಗೆ ಹೊರಟ ಕಾಕಾನ ಮಗನನ್ನು ಬಸ್ಸು ಹತ್ತಿಸಲು ಕಾತ್ರಜಕ್ಕೆ ಹೋದ. ಬಸ್ಸು ಹೋಯಿತು. ಪಕ್ಕದ ಪಾನಂಗಡಿಯ ಕಂಬಕ್ಕೆ ಕಟ್ಟಿದ ತೆಂಗಿನ ಹಗ್ಗದ ತುದಿಯಲ್ಲಿ ಕೆಂಡ ಹೊಗೆಯಾಡುತ್ತಿತ್ತು. ಗಿರಾಕಿಗಳು ಅದರಿಂದಲೇ ಹಚ್ಚಿಕೊಳ್ಳುತ್ತಿದ್ದರು. ಕಡ್ಡಿಪೆಟ್ಟಿಗೆ ಬೇಕಿರಲಿಲ್ಲ. ಕರಡಿಗೆಯನ್ನು ತಿರುಗಿಸದೆ ಎದೆಯ ಮೇಲೆಯೇ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಹೆಂಡತಿ ಯಾವುದರಿಂದ ಕಂಡುಹಿಡಿಯುತ್ತಾಳೆ ಎಂದು ಅವಳೇ ಹೇಳಿಕೊಟ್ಟಾಗಿತ್ತಲ್ಲ. ಈರಬಸಪ್ಪ ಒಂದು ಕೊಂಡು, ಹಗ್ಗಕ್ಕೆ ಹಿಡಿದು ಹಚ್ಚಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಲಿಂಗವನ್ನು ಎದೆಯ ಮೇಲಿಟ್ಟುಕೊಂಡು ಸೇದಿದ. ರುಚಿಯಾಗಿತ್ತು. ಅರ್ಧಕ್ಕೆ ಏನೋ ಆಗಿ ಒಗೆದುಬಿಟ್ಟ. ಮನೆಗೆ ಬಂದಾಗ ಚನ್ನಬಸವ್ವ ನಗುತ್ತ ಬಾಗಿಲು ತೆರೆದಳು. ಅವಳು ಬೆನ್ನು ನೋಡಲಿಲ್ಲ. ಅವನಿಗೆ ಆ ರಾತ್ರಿಯ ಊಟ ಸೇರಲಿಲ್ಲ.

ಮಂಗಳವಾರ ಶಿವಾನಿ ಕೋಥರೂಡಕ್ಕೆ ಬಂದಳು. ಸೇದುವವರ ಹೊಗೆ ಪಕ್ಕದಲ್ಲಿರುವವರಿಗೆ ಏನು ಮಾಡುತ್ತದೆ ಎಂಬುದು ಆಗಿನ ಹೊಸ ಪ್ರಶ್ನೆ. ಅದಕ್ಕಾಗಿ ರೋಗಿಗಳ ಮನೆಯ ನಿರೋಗಿಗಳನ್ನು ಕೇಳುತ್ತಿದ್ದರು. ಈ ಸಲ ಉತ್ತರ ಕೊಡಬೇಕಾದವಳು ಚನ್ನಬಸವ್ವ. ಶಿವಾನಿ ನಿಯಮದ ಪ್ರಕಾರ ಈರಬಸಪ್ಪನ ಕಡೆ ನೋಡಿದಳು.

"ಅವರು ಇರಲಿ," ಎಂದಳು ಚನ್ನಬಸವ್ವ. "ನಮ್ಮ ಮನ್ಯಾಗ ಈಗ ಎಲ್ಲಾ ಎದುರಿಗೇ ನೋಡವಾ."

"ಮನ್ಯಾಗ ಯಾರರೆ ಸೇದತಾರ?"

"ಸೇದತಿದ್ರು. ಈಗ ಬಿಟ್ಟಾರ. ನಾಕು ತಿಂಗಳಾತು. ಒಂದೂ ಇಲ್ಲ." ಅವಳ ದನಿಯಲ್ಲಿ ಅಭಿಮಾನ ತುಂಬಿತ್ತು. ಶಿವಾನಿ ಬರೆಯಲು ಬಗ್ಗಿದಳು.

ಈರಬಸಪ್ಪ ಕಿಟಕಿಯ ಹತ್ತಿರ ಪೇಪರು ಹಿಡಿದು ಕೂತಿದ್ದ. ಸುಮ್ಮನಿದ್ದರೆ ಸಾಕಾಗಿತ್ತು. ಕೇಳಿದ್ದು ಅವನನ್ನಲ್ಲ.

"ಅದನ್ನ ಬರೀಬ್ಯಾಡ," ಎಂದ. "ಶನಿವಾರ ಒಂದು ಸೇದೀನಿ. ಕಾತ್ರಜದಾಗ."

ಚನ್ನಬಸವ್ವನ ಮುಖದ ಬಣ್ಣ ಇಳಿಯಿತು. ಅವಳು ಗಂಡನ ಬೆನ್ನು ನೋಡಿದಳು, ಎದೆ ನೋಡಿದಳು. ಕರಡಿಗೆ ಇರಬೇಕಾದಲ್ಲಿಯೇ ಇತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಗೊತ್ತಿಲ್ಲದೆ ಅವನು ಸೇದಿದ್ದ. ಅದನ್ನು ಅವನು ಹೇಳಿರದಿದ್ದರೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಎರಡನ್ನೂ ಅರ್ಥಮಾಡಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಪೂರಾ ಸೇದಿದ್ರಿ?"

"ಅರ್ಧ. ಅರ್ಧ ಒಗದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಶಿವಾನಿಯ ಕಡೆ ತಿರುಗಿದಳು. "ಅರ್ಧ ಅಂತ ಬರಿಯವಾ."

ಶಿವಾನಿ ಹಾಳೆ ತಿರುವಿ ನೋಡಿದಳು. "ಕಾಕು, ಫಾರ್ಮಿನ್ಯಾಗ ಅರ್ಧಕ್ಕ ಜಾಗಾ ಇಲ್ರಿ."

"ಹಂಗಾದ್ರ ಒಂದು ಅಂತ ಬರಿ. ಇನ್ನ ಕಡಿಮಿ ಬರಸೂದು ಬ್ಯಾಡ."

ಶಿವಾನಿ ಒಂದು ಎಂದು ಬರೆದಳು. ಚನ್ನಬಸವ್ವ ಚಹಾ ಇಡಲು ಒಳಗೆ ಹೋದಳು. ಹೋಗುವಾಗ ಗಂಡನ ಕುರ್ಚಿಯ ಹತ್ತಿರ ಒಂದು ಗಳಿಗೆ ನಿಂತು, ನೆಟ್ಟಗಿದ್ದ ಅವನ ಶಿವದಾರವನ್ನೇ ಮತ್ತೊಮ್ಮೆ ನೆಟ್ಟಗೆ ಮಾಡಿದಳು. ಅದಾದ ಮೇಲೆ ಅವನು ಸೇದಲಿಲ್ಲ; ಸೇದಿದ್ದರೆ ಹೇಳುತ್ತಿದ್ದ.